ಗ್ಲಿಯೊಬ್ಲಾಸ್ಟೋಮಾಗೆ ಎಎವಿ ಮೂಲಕ ಕ್ರಿಸ್ಪರ್: ಪ್ರಸ್ತಾವನೆ ಕಳಿಸುವ ಮೊದಲು ಒಮ್ಮೆ ನೋಡಿ ಹೇಳಿ

ಮಲೆನಾಡ ಪಿಪೆಟ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗ್ಲಿಯೊಬ್ಲಾಸ್ಟೋಮಾ (ಮೆದುಳಿನ ಆಕ್ರಮಣಕಾರಿ ಕ್ಯಾನ್ಸರ್) ಮೇಲೆ ಒಂದು ಜೀನ್ ಥೆರಪಿ ಪ್ರಸ್ತಾವನೆ ತಯಾರಾಗುತ್ತಿದೆ. ಕೋಶ ಮತ್ತು ಇಲಿಯ ಹಂತ ಮಾತ್ರ, ರೋಗಿಗಳವರೆಗೆ ಸದ್ಯಕ್ಕೆ ಹೋಗುವುದಿಲ್ಲ. ಯೋಜನೆ ಹೀಗಿದೆ.

ಗುರಿ ಇಜಿಎಫ್‌ಆರ್-ವಿ3, ಅಂದರೆ ಕೋಶದ ಬೆಳವಣಿಗೆ ನಡೆಸುವ ಇಜಿಎಫ್‌ಆರ್ ಜೀನ್‌ಗೆ ಗಡ್ಡೆಯಲ್ಲಿ ಬರುವ ಕೆಟ್ಟ ರೂಪ. ಈ ರೂಪದಲ್ಲಿ 2ರಿಂದ 7ರವರೆಗಿನ ಎಕ್ಸಾನ್‌ಗಳು (ಪ್ರೋಟೀನ್‌ನ ಸಂದೇಶ ಹೊತ್ತ ತುಂಡುಗಳು) ಹೋಗಿ 1ನೇ ಎಕ್ಸಾನ್ ನೇರವಾಗಿ 8ಕ್ಕೆ ಕೂಡಿಕೊಂಡಿರುತ್ತದೆ. ಆ ಸಂಧಿಗೇ ಗೈಡ್ ಆರ್‌ಎನ್‌ಎ (ಕತ್ತರಿಸುವ ಜಾಗ ತೋರಿಸುವ ಚಿಕ್ಕ ಆರ್‌ಎನ್‌ಎ) ಮಾಡಿದರೆ ಸಾಮಾನ್ಯ ಇಜಿಎಫ್‌ಆರ್ ಮುಟ್ಟದೆ ಗಡ್ಡೆಯ ಜೀನನ್ನಷ್ಟೇ ಕತ್ತರಿಸಬಹುದು ಎಂಬುದು ಎಣಿಕೆ. ಎಸ್‌ಪಿ-ಕ್ಯಾಸ್9 (ಡಿಎನ್‌ಎ ಕತ್ತರಿಸುವ ಕಿಣ್ವ) ಮತ್ತು ಗೈಡ್ ಎರಡೂ ಒಂದೇ ಎಎವಿಯಲ್ಲಿ (ಜೀನ್ ಹೊತ್ತೊಯ್ಯುವ ಚಿಕ್ಕ ವೈರಸ್). ರಕ್ತ-ಮೆದುಳು ತಡೆಯನ್ನು ದಾಟುತ್ತದೆ ಎಂದು ಪಿಎಚ್‌ಪಿ.ಇಬಿ ಕ್ಯಾಪ್ಸಿಡ್ (ವೈರಸ್‌ನ ಹೊರಕವಚ) ಆರಿಸಿದ್ದೇವೆ, ಬಾಲದ ರಕ್ತನಾಳದಿಂದ ಕೊಡುವುದು. ಪ್ರೊಮೋಟರ್ (ಜೀನನ್ನು ಹಚ್ಚುವ ಡಿಎನ್‌ಎ ತುಂಡು) ಜಿಎಫ್‌ಎಪಿಯ ಚಿಕ್ಕ ರೂಪ. ಮಾದರಿಗೆ ನ್ಯೂಡ್ ಇಲಿಯ (ಟಿ-ಕೋಶಗಳಿಲ್ಲದ ತಳಿ) ಮೆದುಳಿನಲ್ಲಿ ಯು87-ವಿ3 ಕೋಶಗಳು (ವಿ3 ಇರುವ ಮಾನವ ಗಡ್ಡೆಯ ಕೋಶ ಸಾಲು).

ಕೇಳಬೇಕಿರುವುದು: ಇದೆಲ್ಲ ಒಂದು ಎಎವಿಯಲ್ಲಿ ಹಿಡಿಸುತ್ತದಾ? ಆರೋಗ್ಯವಂತ ಆಸ್ಟ್ರೋಸೈಟ್‌ಗಳನ್ನು (ನ್ಯೂರಾನ್‌ಗಳಿಗೆ ಆಸರೆಯಾಗುವ ಮೆದುಳಿನ ಕೋಶಗಳು) ಕಾಪಾಡುವುದು ಹೇಗೆ? ಹಿಂದಿನ ದೊಡ್ಡ ಟ್ರಯಲ್‌ಗಳು ಸೋತದ್ದು ಯಾಕೆ, ಅದೇ ಹಳ್ಳಕ್ಕೆ ನಾವೂ ಬೀಳುತ್ತಿದ್ದೇವಾ?

---

ಎಕ್ಸಾನ್ ಎಂಟು:

ಮೊದಲು ಗೈಡ್ ವಿಷಯ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಸರಿಪಡಿಸಬಹುದು, ಇದು ಬುಡದಲ್ಲೇ ನಿಲ್ಲುವುದಿಲ್ಲ.

1-8 ಸಂಧಿ ಇರುವುದು ಎಂಆರ್‌ಎನ್‌ಎಯಲ್ಲಿ. ಡಿಎನ್‌ಎಯಲ್ಲಿ ಈ ಎರಡು ಎಕ್ಸಾನ್‌ಗಳ ನಡುವೆ ಇಂಟ್ರಾನ್ (ಎಂಆರ್‌ಎನ್‌ಎ ತಯಾರಾಗುವಾಗ ಕತ್ತರಿಸಿ ಹೋಗುವ ಭಾಗ) ಉಳಿದೇ ಇರುತ್ತದೆ. ಅಳಿಸುವಿಕೆಯ ಒಂದು ತುದಿ 1ನೇ ಇಂಟ್ರಾನ್‌ನಲ್ಲಿ, ಇನ್ನೊಂದು 7ನೇ ಇಂಟ್ರಾನ್‌ನಲ್ಲಿ, ಅದೂ ರೋಗಿಯಿಂದ ರೋಗಿಗೆ ಬೇರೆ ಬೇರೆ ಜಾಗದಲ್ಲಿ. ಕ್ಯಾಸ್9 ಕತ್ತರಿಸುವುದು ಡಿಎನ್‌ಎಯನ್ನು. ನೀವು ಬರೆದ 20 ಅಕ್ಷರಗಳ ಗೈಡ್‌ಗೆ ಹೊಂದುವ ತಾಣ ರೋಗಿಯ ಕೋಶದ ಜೀನೋಮ್‌ನಲ್ಲಿ ಇರುವುದೇ ಇಲ್ಲ.

ಅಪಾಯ ಏನೆಂದರೆ, ನಿಮ್ಮ ಪ್ರಯೋಗದಲ್ಲಿ ಇದು ಗೊತ್ತಾಗುವುದೇ ಇಲ್ಲ. ಯು87-ವಿ3 ಕೋಶಗಳಿಗೆ ವಿ3 ಬಂದಿರುವುದು ಹೊರಗಿನಿಂದ ಸೇರಿಸಿದ ಸಿಡಿಎನ್‌ಎ (ಎಂಆರ್‌ಎನ್‌ಎಯ ಡಿಎನ್‌ಎ ಪ್ರತಿ) ಆಗಿ. ಅದರಲ್ಲಿ ಇಂಟ್ರಾನ್ ಇಲ್ಲ, 1-8 ಸಂಧಿ ಡಿಎನ್‌ಎಯಲ್ಲೇ ಸಿಗುತ್ತದೆ. ಗೈಡ್ ಚೆನ್ನಾಗಿ ಕತ್ತರಿಸುತ್ತದೆ, ಗಡ್ಡೆ ಕುಗ್ಗುತ್ತದೆ, ಚಿತ್ರಗಳೂ ಚೆನ್ನಾಗಿ ಬರುತ್ತವೆ. ರೋಗಿಯಿಂದ ತೆಗೆದ ಕೋಶಗಳಿಗೆ ಹಾಕಿದ ದಿನ ಏನೂ ಆಗುವುದಿಲ್ಲ. ಸಂಧಿಯನ್ನೇ ಹಿಡಿಯಬೇಕೆಂದರೆ ಆರ್‌ಎನ್‌ಎ ಮಟ್ಟಕ್ಕೆ ಬನ್ನಿ, ಎಸ್‌ಎಚ್‌ಆರ್‌ಎನ್‌ಎ ಅಥವಾ ಕ್ಯಾಸ್13 ಜಾತಿಯ ಕಿಣ್ವ, ಇವು ಎಂಆರ್‌ಎನ್‌ಎಯನ್ನೇ ನಾಶ ಮಾಡುತ್ತವೆ.

ಎರಡನೆಯದು, ಗ್ಲಿಯೊಬ್ಲಾಸ್ಟೋಮಾದಲ್ಲಿ ವರ್ಧಿಸಿದ ಇಜಿಎಫ್‌ಆರ್ ಬಹಳ ಸಲ ಕ್ರೋಮೋಸೋಮಿನ ಹೊರಗೆ, ಪ್ರತ್ಯೇಕ ವೃತ್ತಾಕಾರದ ಡಿಎನ್‌ಎ ತುಂಡುಗಳ ಮೇಲೆ ಕೂತಿರುತ್ತದೆ. ಇವಕ್ಕೆ ಸೆಂಟ್ರೋಮಿಯರ್ ಇಲ್ಲದ್ದರಿಂದ ವಿಭಜನೆಯಲ್ಲಿ ಸಮನಾಗಿ ಹಂಚಿಕೆಯಾಗುವುದಿಲ್ಲ. ಒತ್ತಡ ಬಿದ್ದಾಗ ಇವು ಕಡಿಮೆ ಇರುವ ಕೋಶಗಳು ಗೆಲ್ಲುತ್ತವೆ, ಒತ್ತಡ ತೆಗೆದರೆ ಮತ್ತೆ ಹೆಚ್ಚುತ್ತವೆ. ಇಜಿಎಫ್‌ಆರ್ ತಡೆಯುವ ಎರ್ಲೋಟಿನಿಬ್ ಔಷಧ ಕೊಟ್ಟಾಗ ಹೀಗೇ ಆಗುವುದನ್ನು 2014ರಲ್ಲಿ ತೋರಿಸಿದ್ದಾರೆ. ಜೊತೆಗೆ, ಹತ್ತಾರು ಪ್ರತಿಗಳಿರುವ ಜಾಗವನ್ನು ಕ್ಯಾಸ್9 ಕತ್ತರಿಸಿದರೆ ಅಷ್ಟೂ ಕಡೆ ಡಿಎನ್‌ಎ ಮುರಿದು, ಯಾವ ಜೀನ್ ಎಂಬುದು ಲೆಕ್ಕಕ್ಕೇ ಬಾರದೆ ಕೋಶ ಸಾಯುತ್ತದೆ. ಆದ್ದರಿಂದ ಕಂಟ್ರೋಲ್ ಆಗಿ ಎಲ್ಲೂ ಕೂರದ ಗೈಡ್ ಮಾತ್ರ ಇಟ್ಟರೆ ಸಾಲದು. ಅದೇ ವರ್ಧಿತ ಪ್ರದೇಶದ ಇಂಟ್ರಾನ್ ಕತ್ತರಿಸುವ ಗೈಡ್ ಒಂದು ಇರಲೇಬೇಕು.

ಇನ್ನು, ವಿ3 ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ರಿಂಡೋಪೆಪಿಮಟ್ ಲಸಿಕೆಯ ಆಕ್ಟ್-4 ಟ್ರಯಲ್ ಇದೆ. 745 ರೋಗಿಗಳು, 2017ರಲ್ಲಿ ಫಲಿತಾಂಶ, ಬದುಕಿನ ಅವಧಿ ಹೆಚ್ಚಲಿಲ್ಲ. ಮತ್ತೆ ಬಂದ ಗಡ್ಡೆಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವಿ3 ಇರಲೇ ಇಲ್ಲ, ಲಸಿಕೆ ಪಡೆಯದ ಗುಂಪಿನಲ್ಲೂ.

ಜೀನ್ ಎಡಿಟಿಂಗೇ ಮಾಡಬೇಕೆಂದಿದ್ದರೆ ಟರ್ಟ್ (ಟೆಲೋಮರೇಸ್ ಕಿಣ್ವದ ಜೀನ್) ಪ್ರೊಮೋಟರ್ ನೋಡಿ. ಸಿ228ಟಿ ಅಥವಾ ಸಿ250ಟಿ ಬದಲಾವಣೆ ವಯಸ್ಕರ ಗ್ಲಿಯೊಬ್ಲಾಸ್ಟೋಮಾಗಳಲ್ಲಿ ಶೇ. 80ರ ಆಸುಪಾಸು ಸಿಗುತ್ತದೆ, ಡಿಎನ್‌ಎಯಲ್ಲೇ ಇರುತ್ತದೆ, ಆರೋಗ್ಯವಂತ ಮೆದುಳಿನ ಕೋಶದಲ್ಲಿ ಇರುವುದಿಲ್ಲ. ಅಡೆನಿನ್ ಬೇಸ್ ಎಡಿಟರ್‌ನಿಂದ (ಡಿಎನ್‌ಎಯ ಒಂದೇ ಅಕ್ಷರ ಬದಲಿಸುವ ಕಿಣ್ವ) 228ನ್ನು ಹಿಂದಿನಂತೆ ಮಾಡಿ ಇಲಿಯಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿಸಿದ್ದು 2020ರಲ್ಲಿ ಪ್ರಕಟವಾಗಿದೆ. ಆದರೂ ಎಡಿಟರ್ ತಲುಪದ ಕೋಶಕ್ಕೆ ಏನೂ ಆಗುವುದಿಲ್ಲ ಎಂಬ ತೊಡಕು ಅಲ್ಲೂ ಹಾಗೇ ಇದೆ.

---

ಐಟಿಆರ್:

ಹಿಡಿಸುತ್ತದಾ ಎಂಬ ಪ್ರಶ್ನೆಗೆ: ಇಲ್ಲ. ಎಎವಿ ಹೊರುವುದು ಎರಡು ಐಟಿಆರ್ (ವೈರಸ್ ಜೀನೋಮ್‌ನ ತುದಿಗಳು) ಸೇರಿ ಸುಮಾರು 4.7 ಕಿಲೋಬೇಸ್. ಎಸ್‌ಪಿ-ಕ್ಯಾಸ್9 ಒಂದೇ 4.1, ಐಟಿಆರ್‌ಗಳು 0.29. ಉಳಿದ 0.3ರಲ್ಲಿ ಯು6-ಗೈಡ್ ತುಂಡೇ (ಗೈಡ್ ಮತ್ತು ಅದರ ಪ್ರೊಮೋಟರ್) ಕೂರುವುದಿಲ್ಲ, ಕ್ಯಾಸ್9ರ ಪ್ರೊಮೋಟರ್ ಮಾತು ದೂರ. ಚಿಕ್ಕದಾದ ಎಸ್‌ಎ-ಕ್ಯಾಸ್9 ಆದರೆ 3.2, ಐಟಿಆರ್ ಮತ್ತು ಗೈಡ್ ತುಂಡು (0.35) ಸೇರಿ 3.84. ಅದರ ಮೇಲೆ ಜಿಎಫ್‌ಎ-ಎಬಿಸಿ1ಡಿ ಪ್ರೊಮೋಟರ್ 0.68, ಕೃತಕ ಚಿಕ್ಕ ಪಾಲಿ-ಎ 0.05, ಮೈಕ್ರೋಆರ್‌ಎನ್‌ಎ ತಾಣಗಳು (ಯಾಕೆಂದು ಕೆಳಗೆ ಹೇಳಿದ್ದೇನೆ) 0.1. ಒಟ್ಟು 4.67. ಹಿಡಿಯಿತು, ಆದರೆ ಒಂದು ಟ್ಯಾಗ್ ಸೇರಿಸಲೂ ಜಾಗವಿಲ್ಲ. ಮಿತಿ ಮೀರಿದರೆ ಉತ್ಪಾದನೆ ನಿಂತುಹೋಗುವುದಿಲ್ಲ, ತುಂಡಾದ ಜೀನೋಮ್‌ಗಳು ತುಂಬಿಕೊಳ್ಳುತ್ತವೆ. ಟೈಟರ್ (ವೈರಸ್ ಎಣಿಕೆ) ಚೆನ್ನಾಗಿಯೇ ಕಾಣಿಸುತ್ತದೆ, ಪ್ರೋಟೀನ್ ಮಾತ್ರ ಬರುವುದಿಲ್ಲ.

ಆಸ್ಟ್ರೋಸೈಟ್ ಕಾಪಾಡುವುದರ ಬಗ್ಗೆ: ಜಿಎಫ್‌ಎಪಿ ಆಸ್ಟ್ರೋಸೈಟ್‌ನದೇ ಪ್ರೊಮೋಟರ್. ಗಡ್ಡೆಯ ಸುತ್ತ ಕೆರಳಿದ ಆಸ್ಟ್ರೋಸೈಟ್‌ಗಳಲ್ಲಿ ಇನ್ನೂ ಜೋರಾಗಿ ಓಡುತ್ತದೆ. ಅದು ಗಡ್ಡೆಗೆ ಗುರಿ ಇಡುವ ಉಪಾಯ ಆಗುವುದಿಲ್ಲ. ನೆಸ್ಟಿನ್ ಅಥವಾ ಸರ್ವೈವಿನ್ ಪ್ರೊಮೋಟರ್ ನೋಡಿ. ಅದರ ಜೊತೆ 3 ಪ್ರೈಮ್ ತುದಿಯಲ್ಲಿ ಮಿಆರ್-124ರ ತಾಣ ನಾಲ್ಕು ಸಲ ಸೇರಿಸಿ. ನ್ಯೂರಾನ್‌ಗಳಲ್ಲಿ ಮಿಆರ್-124 ತುಂಬಿರುತ್ತದೆ, ಗ್ಲಿಯೊಬ್ಲಾಸ್ಟೋಮಾದಲ್ಲಿ ತೀರಾ ಕಡಿಮೆ. ಹಾಗಾಗಿ ನ್ಯೂರಾನ್‌ನಲ್ಲಿ ನಿಮ್ಮ ಸಂದೇಶ ತಾನಾಗಿ ನಾಶವಾಗುತ್ತದೆ. ಆಸ್ಟ್ರೋಸೈಟ್‌ಗೆ ಇದರ ರಕ್ಷಣೆ ಇಲ್ಲ, ಅದಕ್ಕೆ ಪ್ರೊಮೋಟರನ್ನೇ ನೆಚ್ಚಬೇಕು.

ಪಿಎಚ್‌ಪಿ.ಇಬಿ ಬಿಟ್ಟುಬಿಡಿ. ಅದು ತಡೆ ದಾಟುವುದು ರಕ್ತನಾಳದ ಒಳಪದರದ ಕೋಶಗಳ ಮೇಲಿರುವ ಎಲ್‌ವೈ6ಎ ಎಂಬ ಪ್ರೋಟೀನ್ ಹಿಡಿದುಕೊಂಡು. ಸಿ57ಬಿಎಲ್/6 ಇಲಿಯಲ್ಲಿ ಅದು ಸರಿಯಾಗಿದೆ, ಬಾಲ್ಬ್/ಸಿ ಇಲಿಯಲ್ಲಿ ಕೆಲಸ ಮಾಡುವುದಿಲ್ಲ, ಮನುಷ್ಯರಿಗೆ ಆ ಜೀನೇ ಇಲ್ಲ. ನೀವು ತರಿಸುವ ನ್ಯೂಡ್ ಇಲಿ ಬಾಲ್ಬ್/ಸಿ ಹಿನ್ನೆಲೆಯದಾದರೆ ವೈರಸ್ ಮೆದುಳಿಗೆ ಹೋಗುವುದೇ ಇಲ್ಲ, ಯಕೃತ್ತಿಗೆ ಹೋಗಿ ಕೂರುತ್ತದೆ. ಮಾನವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಹಿಡಿಯುವ ಕ್ಯಾಪ್ಸಿಡ್ 2024ರಲ್ಲಿ ಬಂದಿದೆ. ಅದನ್ನು ಪರೀಕ್ಷಿಸಲು ಮಾನವ ರಿಸೆಪ್ಟರ್ ಸೇರಿಸಿದ ಇಲಿಯೇ ಬೇಕು.

ರಕ್ತದ ಮೂಲಕ ಕೊಡುವ ಡೋಸ್ ಕೂಡ ಯೋಚಿಸಿ. ಬೆನ್ನುಹುರಿ ಸ್ನಾಯುಕ್ಷಯದ ಮಕ್ಕಳಿಗೆ ಕೊಡುವ ಎಎವಿ9 ಔಷಧದ ಡೋಸ್ ಕಿಲೋಗೆ 1.1×10^14 ಜೀನೋಮ್. 60 ಕಿಲೋ ವಯಸ್ಕರಿಗೆ ಅದೇ ದರದಲ್ಲಿ 6.6×10^15. ಇಷ್ಟು ವೈರಸ್ ತಯಾರಿಸುವುದೇ ಕಷ್ಟ, ಯಕೃತ್ತು ತಡೆಯುವುದು ಅದಕ್ಕಿಂತ ಕಷ್ಟ.

ಕೊನೆಯದಾಗಿ, ಎಎವಿ ಹೆಚ್ಚಾಗಿ ಜೀನೋಮ್‌ನಲ್ಲಿ ಸೇರಿಕೊಳ್ಳದೆ ಬಿಡಿಯಾಗಿ ಉಳಿಯುತ್ತದೆ. ಕೋಶ ಒಡೆದಾಗಲೆಲ್ಲ ಅರ್ಧವಾಗುತ್ತದೆ, ಹತ್ತು ವಿಭಜನೆಗೆ 1,024ರಲ್ಲಿ ಒಂದು ಪಾಲು. ವಿಭಜಿಸದ ನ್ಯೂರಾನ್‌ಗೆ ಹೇಳಿಮಾಡಿಸಿದ ವೆಕ್ಟರ್, ಓಡೋಡಿ ಬೆಳೆಯುವ ಗಡ್ಡೆಗೆ ಅಲ್ಲ. ಎಎವಿಯೇ ಬೇಕೆಂದರೆ ಗಡ್ಡೆಯ ಸುತ್ತಲಿನ ಆರೋಗ್ಯವಂತ ಕೋಶಗಳಿಗೆ ಇಂಟರ್‌ಫೆರಾನ್-ಬೀಟಾ ಜೀನ್ ಕೊಟ್ಟು, ಅಲ್ಲಿಂದ ಸ್ರವಿಸುವಂತೆ ಮಾಡುವ ದಾರಿ ಇದೆ. ಆದರೆ ಮಾನವ ಇಂಟರ್‌ಫೆರಾನ್-ಬೀಟಾ ಇಲಿಯ ರಿಸೆಪ್ಟರ್ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾನವ ಗಡ್ಡೆ ಹೊತ್ತ ಇಲಿಯಲ್ಲಿ ವಿಷಪರಿಣಾಮ ಕಾಣಲಿಲ್ಲ ಎಂದರೆ ಅದನ್ನು ಸುರಕ್ಷತೆ ಎಂದು ಬರೆಯಬೇಡಿ.

---

ಮಲೆನಾಡ ಪಿಪೆಟ್:

ಇಬ್ಬರಿಗೂ ತುಂಬಾ ಧನ್ಯವಾದ. ಸಿಡಿಎನ್‌ಎ ವಿಷಯ ನಮ್ಮ ಗುಂಪಿನಲ್ಲಿ ಯಾರೂ ಎತ್ತಿರಲಿಲ್ಲ. ಹಾಗಾದರೆ "ತಲುಪದ ಕೋಶ" ಎಂಬುದೇ ಮುಖ್ಯ ಪ್ರಶ್ನೆ ಅಂತಾಯಿತು. ತಲುಪದವನ್ನೂ ಕೊಲ್ಲುವ ಜೀನ್ ಎಂದರೆ ಟಿಕೆ-ಗ್ಯಾನ್‌ಸಿಕ್ಲೊವಿರ್ ಇದೆ, ಸೈಟೋಸಿನ್ ಡಿಅಮಿನೇಸ್ ಇದೆ, ಎರಡೂ ಕೊಟ್ಟ ಔಷಧವನ್ನು ಕೋಶದೊಳಗೆ ವಿಷವಾಗಿಸುವ ಕಿಣ್ವಗಳು. ಅವೂ ಮೂರನೇ ಹಂತದಲ್ಲಿ ಸೋತಿವೆಯಲ್ಲ?

---

ಬೈಸ್ಟ್ಯಾಂಡರ್:

ಸೋತಿವೆ. ಮೂರು ದೊಡ್ಡ ಟ್ರಯಲ್‌ಗಳೂ ಒಂದೇ ಕಾರಣಕ್ಕೆ ಸೋತವು ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ.

ಮೊದಲನೆಯದು 2000ದಲ್ಲಿ ಪ್ರಕಟವಾದ ಟಿಕೆ ಟ್ರಯಲ್, 248 ರೋಗಿಗಳು. ಶಸ್ತ್ರಚಿಕಿತ್ಸೆಯ ನಂತರ ಗಡ್ಡೆಯ ಗೂಡಿನ ಗೋಡೆಗೆ ರೆಟ್ರೋವೈರಸ್ ಉತ್ಪಾದಿಸುವ ಇಲಿ ಕೋಶಗಳನ್ನೇ ಚುಚ್ಚಿದರು. ಆ ವೈರಸ್ ಸ್ವತಃ ಮರಿ ಹಾಕುವಂಥದ್ದಲ್ಲ, ವಿಭಜಿಸುತ್ತಿರುವ ಕೋಶಕ್ಕೆ ಮಾತ್ರ ಹೋಗುತ್ತದೆ. ಉತ್ಪಾದಕ ಕೋಶಗಳು ಸೂಜಿ ಇಳಿದ ಜಾಗ ಬಿಟ್ಟು ಅಲುಗುವುದಿಲ್ಲ. ಜೀನ್ ಸೇರಿದ್ದು ಸೂಜಿಯ ಹಾದಿಯಿಂದ ಕೆಲವೇ ಮಿಲಿಮೀಟರ್ ಒಳಗೆ. ಇಲ್ಲಿ ಸೋತದ್ದು ತಲುಪಿಸುವ ಕೆಲಸ.

ಆಮೇಲೆ ಅಡೆನೋವೈರಸ್‌ನಲ್ಲಿ ಟಿಕೆ, ಆಸ್ಪೆಕ್ಟ್ ಟ್ರಯಲ್, 250 ರೋಗಿಗಳು, 2013ರಲ್ಲಿ ಪ್ರಕಟ. ಒಟ್ಟು ಬದುಕಿನ ಅವಧಿಯಲ್ಲಿ ಲಾಭ ಕಾಣಲಿಲ್ಲ. ಟಿಕೆಯಲ್ಲಿ ಇನ್ನೊಂದು ತೊಡಕಿದೆ: ಫಾಸ್ಫೇಟ್ ಸೇರಿದ ಗ್ಯಾನ್‌ಸಿಕ್ಲೊವಿರ್ ಕೋಶದ ಪೊರೆ ದಾಟಲಾರದು. ಪಕ್ಕದ ಕೋಶಕ್ಕೆ ಹೋಗಬೇಕೆಂದರೆ ಕನೆಕ್ಸಿನ್-43ರಿಂದ ಆದ ಗ್ಯಾಪ್ ಜಂಕ್ಷನ್ (ಪಕ್ಕದ ಕೋಶಗಳನ್ನು ಜೋಡಿಸುವ ಸಣ್ಣ ಕೊಳವೆ) ಇರಬೇಕು, ಹೆಚ್ಚು ಆಕ್ರಮಣಕಾರಿ ಗ್ಲಿಯೋಮಾಗಳಲ್ಲಿ ಅದೇ ಕಡಿಮೆ. ಗ್ಯಾನ್‌ಸಿಕ್ಲೊವಿರ್ ತಾನೂ ಮೆದುಳಿಗೆ ಅಷ್ಟಾಗಿ ಇಳಿಯುವುದಿಲ್ಲ.

ಟೋಕಾ 511 ಎಂಬ ವೈರಸ್ ಚಿಕಿತ್ಸೆ ಇವೆರಡನ್ನೂ ಸರಿಪಡಿಸಲು ಹೊರಟಿತ್ತು. ಮರಿ ಹಾಕುವ ರೆಟ್ರೋವೈರಸ್, ಒಳಗೆ ಯೀಸ್ಟ್‌ನ ಸೈಟೋಸಿನ್ ಡಿಅಮಿನೇಸ್. 5-ಎಫ್‌ಸಿ ಮಾತ್ರೆ ಮೆದುಳಿಗೆ ಸಲೀಸಾಗಿ ಇಳಿಯುತ್ತದೆ, ಗಡ್ಡೆಯಲ್ಲಿ 5-ಎಫ್‌ಯು ಎಂಬ ಕ್ಯಾನ್ಸರ್ ಔಷಧ ಆಗುತ್ತದೆ, ಆ 5-ಎಫ್‌ಯು ಗ್ಯಾಪ್ ಜಂಕ್ಷನ್ ಇಲ್ಲದೆಯೂ ಪಕ್ಕಕ್ಕೆ ಹರಡುತ್ತದೆ. ಎಣಿಕೆ ನಿಜಕ್ಕೂ ಚೆನ್ನಾಗಿತ್ತು. ಆದರೂ ಟೋಕಾ 5 ಟ್ರಯಲ್‌ನಲ್ಲಿ, 403 ರೋಗಿಗಳು, ಮಧ್ಯಮ ಬದುಕಿನ ಅವಧಿ 11.1 ತಿಂಗಳು, ಹೋಲಿಕೆಯ ಗುಂಪಿನಲ್ಲಿ 12.2. ಈ ವೈರಸ್ ಹರಡಬೇಕಾದರೆ ಕೋಶಗಳು ವಿಭಜಿಸುತ್ತಿರಬೇಕು, ವಾರಗಟ್ಟಲೆ ಸಮಯ ಬೇಕು. ಶಸ್ತ್ರಚಿಕಿತ್ಸೆಯ ನಂತರ ಗೋಡೆಯಲ್ಲಿ ಉಳಿಯುವುದು ನಿಧಾನವಾಗಿ ಒಳಹೊಕ್ಕ ಚದುರಿದ ಕೋಶಗಳು. ಮರುಕಳಿಸಿದ ಗಡ್ಡೆಯ ರೋಗಿಗಳಿಗೆ ಅಷ್ಟು ಸಮಯವೂ ಇರುವುದಿಲ್ಲ. ನನ್ನ ಮಟ್ಟಿಗೆ ಇಲ್ಲಿ ಪೆಟ್ಟು ಕೊಟ್ಟದ್ದು ವೇಗ. ಕಿಣ್ವ ಮತ್ತು ಮಾತ್ರೆಯ ಜೋಡಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಸ್ವಲ್ಪವಾದರೂ ಮುಂದೆ ಹೋದದ್ದು ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವ ವೈರಸ್‌ಗಳು. ಟೋಕಿಯೋ ವಿಶ್ವವಿದ್ಯಾಲಯದ ಜಿ47-ಡೆಲ್ಟಾ ಹರ್ಪಿಸ್ ವೈರಸ್‌ನಲ್ಲಿ ಗಾಮಾ34.5, ಐಸಿಪಿ6, ಆಲ್ಫಾ47 ಮೂರೂ ಕೆಲಸ ಮಾಡದಂತಿವೆ. ಗಡ್ಡೆಯೊಳಗೆ ಸಲಕ್ಕೆ 10^9 ಪಿಎಫ್‌ಯು (ಸೋಂಕು ತರಬಲ್ಲ ವೈರಸ್ ಕಣಗಳ ಎಣಿಕೆ), ಆರು ಸಲದವರೆಗೆ. 19 ರೋಗಿಗಳ ಎರಡನೇ ಹಂತದಲ್ಲಿ ಒಂದು ವರ್ಷ ಬದುಕಿದವರು ಶೇ. 84.2. ಜಪಾನ್ 2021ರ ಜೂನ್‌ನಲ್ಲಿ ಷರತ್ತಿನ ಮೇಲೆ, ಅವಧಿ ನಿಗದಿ ಮಾಡಿ ಅನುಮತಿ ಕೊಟ್ಟಿತು. ಹೋಲಿಕೆಯ ಗುಂಪು ಇಲ್ಲದ ಚಿಕ್ಕ ಟ್ರಯಲ್ ಎಂಬುದನ್ನು ಮರೆಯಬಾರದು. ನೆಸ್ಟಿನ್ ಪ್ರೊಮೋಟರ್‌ನಿಂದ ಗಾಮಾ34.5 ಓಡಿಸುವ ಕ್ಯಾನ್-3110ರ 41 ರೋಗಿಗಳ ಫಲಿತಾಂಶ 2023ರಲ್ಲಿ ಬಂತು. ಮೊದಲೇ ಹರ್ಪಿಸ್ ಆ್ಯಂಟಿಬಾಡಿ ಇದ್ದವರು ಹೆಚ್ಚು ಕಾಲ ಬದುಕಿದರು. ಆ್ಯಂಟಿಬಾಡಿ ಇದ್ದರೆ ವೈರಸ್ ವ್ಯರ್ಥ ಎಂಬ ಎಎವಿ ಲೆಕ್ಕ ಇಲ್ಲಿ ತಿರುಗಿ ನಿಂತಿದೆ.

ನಿಮಗೆ ನನ್ನ ಸಲಹೆ: ಕ್ಯಾಪ್ಸಿಡ್, ವೆಕ್ಟರ್ ಯಾವುದನ್ನೂ ಆರ್ಡರ್ ಮಾಡುವ ಮೊದಲು ಮಿಶ್ರಣ ಪ್ರಯೋಗ ಮಾಡಿ. ಜೀನ್ ಇರುವ ಕೋಶ ಶೇ. 5 ಇದ್ದಾಗ ಉಳಿದ 95ರಲ್ಲಿ ಎಷ್ಟು ಸಾಯುತ್ತವೆ ಎಂಬ ಅಂಕಿ ಕೈಯಲ್ಲಿದ್ದರೆ ಎಷ್ಟು ತಲುಪಿಸಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

---

ಬರ್ ಹೋಲ್:

ತಲುಪಿಸುವ ಕಡೆಯಿಂದ ಎರಡು ಮಾತು.

ಎಂಆರ್‌ಐಯಲ್ಲಿ ಬೆಳಗುವ ಭಾಗ ಗಡ್ಡೆಯ ಪೂರ್ತಿ ಗಡಿಯಲ್ಲ. ಕೋಶಗಳು ಬಿಳಿ ದ್ರವ್ಯದ ಎಳೆಗಳ ಗುಂಟ ಗರಿಕೆ ಬೇರಿನಂತೆ ಹೋಗಿರುತ್ತವೆ, ಮರುಕಳಿಸುವುದು ಹೆಚ್ಚಾಗಿ ಗೂಡಿನ ಅಂಚಿನಿಂದ ಎರಡು ಸೆಂಟಿಮೀಟರ್ ಒಳಗೆ. ಸೂಜಿಯಿಂದ ಒಮ್ಮೆ ಚುಚ್ಚಿದರೆ ಅಷ್ಟು ದೂರ ಹೋಗುವುದಿಲ್ಲ. ಅದಕ್ಕೇ ಒತ್ತಡದಿಂದ ನಿಧಾನವಾಗಿ ಹರಿಸುವ ಪದ್ಧತಿ, ಕನ್ವೆಕ್ಷನ್ ಎನ್‌ಹಾನ್ಸ್ಡ್ ಡೆಲಿವರಿ. ನಿಮಿಷಕ್ಕೆ ಕೆಲವೇ ಮೈಕ್ರೋಲೀಟರ್, ಗಂಟೆಗಟ್ಟಲೆ. ಡ್ಯೂಕ್‌ನ ಪೋಲಿಯೊ-ರೈನೋವೈರಸ್ ಮಿಶ್ರತಳಿಯನ್ನು ಕೊಟ್ಟದ್ದು ಹೀಗೇ, 61 ರೋಗಿಗಳಲ್ಲಿ ಮೂರು ವರ್ಷ ದಾಟಿದವರು ಶೇ. 21.

ಇದರಲ್ಲಿ ಕೆಡುವುದು ಎಲ್ಲಿ ಅಂದರೆ, ವೇಗ ಹೆಚ್ಚಾದರೆ ದ್ರವ ಕ್ಯಾತಿಟರ್‌ನ ಹೊರಮೈಗುಂಟ ಹಿಂದಕ್ಕೆ ಬರುತ್ತದೆ. ತುದಿ ವೆಂಟ್ರಿಕಲ್‌ಗೋ ಹಳೆಯ ಶಸ್ತ್ರಚಿಕಿತ್ಸೆಯ ಗೂಡಿಗೋ ಹತ್ತಿರವಾದರೆ ಎಲ್ಲವೂ ಅತ್ತ ಸೋರುತ್ತದೆ. ಕೊಳೆತ ನಡುಭಾಗಕ್ಕೆ ಹೋದರೆ ಅಲ್ಲೇ ಮಡುಗಟ್ಟುತ್ತದೆ. ಇದೇ ಪದ್ಧತಿಯ ಪ್ರಿಸೈಸ್ ಎಂಬ ಟ್ರಯಲ್‌ನಲ್ಲಿ ಆಮೇಲೆ ಲೆಕ್ಕ ಹಾಕಿದಾಗ ಸರಿಯಾದ ಜಾಗದಲ್ಲಿದ್ದ ಕ್ಯಾತಿಟರ್‌ಗಳು ಸುಮಾರು ಅರ್ಧ ಮಾತ್ರ. ಮೆಟ್ಟಿಲಿನಂತೆ ತುದಿ ಸಣ್ಣದಾಗುವ ಕ್ಯಾನ್ಯುಲಾ, ಜೊತೆಗೆ ಗ್ಯಾಡೋಲಿನಿಯಂ ಬೆರೆಸಿ ಎಂಆರ್‌ಐಯಲ್ಲಿ ಹರಿವನ್ನು ನೋಡುವುದು, ಇವೆರಡಿಲ್ಲದೆ ಡೋಸ್ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಇಲಿಯಲ್ಲೂ ಅಷ್ಟೇ: 2-3 ಮೈಕ್ರೋಲೀಟರ್, ನಿಮಿಷಕ್ಕೆ 0.2-0.5, ಮುಗಿದ ಮೇಲೆ ಐದು ನಿಮಿಷ ಸೂಜಿ ಅಲ್ಲೇ ಬಿಟ್ಟು ನಿಧಾನವಾಗಿ ತೆಗೆಯಬೇಕು.

ಇನ್ನೊಂದು, ಡೆಕ್ಸಾಮೆಥಸೋನ್. ಗಡ್ಡೆಯ ಊತಕ್ಕೆ ಕೊಡುವ ಈ ಔಷಧ ನೀವು ಎಬ್ಬಿಸಿದ ಟಿ-ಕೋಶಗಳನ್ನೇ ಮಲಗಿಸುತ್ತದೆ. ವೆಲೆಡಿಮೆಕ್ಸ್ ಮಾತ್ರೆಯಿಂದ ಇಂಟರ್‌ಲ್ಯೂಕಿನ್-12 ಜೀನನ್ನು ಹಚ್ಚುವ ಅಡೆನೋವೈರಸ್ ಟ್ರಯಲ್‌ನಲ್ಲಿ (31 ರೋಗಿಗಳು, 2019) ಸ್ಟೀರಾಯ್ಡ್ ಹೆಚ್ಚು ಪಡೆದವರ ಫಲಿತಾಂಶ ಎದ್ದು ಕಾಣುವಷ್ಟು ಕೆಟ್ಟದಾಗಿತ್ತು. ಸೈಟೋಕೈನ್ ಜ್ವರ ಬಂದಾಗ ಮಾತ್ರೆ ನಿಲ್ಲಿಸಿದರೆ ಅದು ಇಳಿಯಿತು, ಆ ಸ್ವಿಚ್ ಇದ್ದದ್ದು ದೊಡ್ಡ ಅನುಕೂಲ. ನಿಮ್ಮ ಇಲಿ ಪ್ರಯೋಗದಲ್ಲಿ ಡೆಕ್ಸಾ ಕೊಟ್ಟ ಗುಂಪೊಂದು ಇರಲಿ. ಆಸ್ಪತ್ರೆಗೆ ಬರುವ ಬಹಳಷ್ಟು ರೋಗಿಗಳು ಅದರ ಮೇಲೆಯೇ ಇರುತ್ತಾರೆ.

---

ಐಟಿಆರ್:

ಮಾದರಿಯ ಬಗ್ಗೆ ಯಾರೂ ಹೇಳಲಿಲ್ಲ. ಎಟಿಸಿಸಿ ಎಂಬ ಕೋಶ ಭಂಡಾರದಿಂದ ಬರುವ ಯು87 ಮೂಲ ರೋಗಿಯ ಕೋಶವಲ್ಲ ಎಂದು 2016ರಲ್ಲಿ ಡಿಎನ್‌ಎ ಹೋಲಿಸಿ ತೋರಿಸಿದ್ದಾರೆ. ಅದಕ್ಕಿಂತ ಮುಖ್ಯವಾಗಿ ಅದು ಉಂಡೆಯಾಗಿ ಬೆಳೆಯುತ್ತದೆ, ಒಳಹೊಕ್ಕುವುದಿಲ್ಲ. ರೋಗಿಯಿಂದ ತೆಗೆದ ಕೋಶಗಳನ್ನು ಸೀರಮ್ ಇಲ್ಲದೆ, ಇಜಿಎಫ್ ಮತ್ತು ಬಿಎಫ್‌ಜಿಎಫ್ ತಲಾ 20 ನ್ಯಾನೋಗ್ರಾಂ/ಮಿಲಿ ಹಾಕಿ ಬೆಳೆಸಿ. ಸೀರಮ್ ಹಾಕಿದರೆ ಕೆಲವೇ ಪ್ಯಾಸೇಜ್‌ಗಳಲ್ಲಿ ಸ್ವಭಾವ ಬದಲಾಗುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಕಡೆ ನರಶಸ್ತ್ರಚಿಕಿತ್ಸಾ ವಿಭಾಗದ ಜೊತೆ ಒಡಂಬಡಿಕೆ ಆದರೆ ಅಂಗಾಂಶದ ದಾರಿ ಸುಗಮ. ಪ್ರತಿರಕ್ಷೆ ನೋಡಬೇಕಾದರೆ ಸಿ57ಬಿಎಲ್/6ರಲ್ಲಿ ಜಿಎಲ್261 ಜೊತೆ ಸಿಟಿ-2ಎ ಕೂಡ ಇಡಿ, ಎರಡೂ ಇಲಿಯದೇ ಗಡ್ಡೆ ಕೋಶಗಳು. ಜಿಎಲ್261 ಒಂದೇ ಆದರೆ ಅದು ಸುಲಭವಾಗಿ ಗೆಲ್ಲಿಸಿಬಿಡುತ್ತದೆ, ಲೂಸಿಫರೇಸ್ ಸೇರಿಸಿದ್ದು ಇನ್ನೂ ಸುಲಭ.

ವೈರಸ್ ತಯಾರಿಯಲ್ಲಿ ಎಂಡೋಟಾಕ್ಸಿನ್ ಅಳೆಯದೆ ಮೆದುಳಿಗೆ ಹಾಕಬೇಡಿ. ಅದೊಂದೇ ಮೈಕ್ರೋಗ್ಲಿಯಾ ಕೆರಳಿಸಿ ಗಡ್ಡೆ ಕುಗ್ಗಿಸಿದಂತೆ ತೋರಿಸಬಲ್ಲದು. ಪ್ಲಾಸ್ಮಿಡ್ ಪ್ರತಿ ಸಲ ಸ್ಮಾ-1 ಕಿಣ್ವದಿಂದ ಕತ್ತರಿಸಿ ಐಟಿಆರ್ ಉಳಿದಿದೆಯಾ ನೋಡಿ. ದ್ರಾವಣದಲ್ಲಿ ಶೇ. 0.001 ಪ್ಲೂರಾನಿಕ್ ಎಫ್-68 ಇರಲಿ, ಇಲ್ಲದಿದ್ದರೆ ಕಡಿಮೆ ಡೋಸ್‌ನಲ್ಲಿ ವೈರಸ್ ಟ್ಯೂಬ್ ಮತ್ತು ಸಿರಿಂಜ್ ಗೋಡೆಗೆ ಅಂಟಿ ಕಳೆದುಹೋಗುತ್ತದೆ.

ಅನುಮತಿಗಳು: ಸಂಸ್ಥೆಯ ಜೈವಿಕ ಸುರಕ್ಷಾ ಸಮಿತಿ, ಅಲ್ಲಿಂದ ಆರ್‌ಸಿಜಿಎಂ (ಜೀನ್ ಬದಲಾವಣೆಯ ಕೇಂದ್ರ ಪರಿಶೀಲನಾ ಸಮಿತಿ), ಪ್ರಾಣಿಗಳಿಗೆ ಐಎಇಸಿ (ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ). ಐಸಿಎಂಆರ್‌ನ 2019ರ ಜೀನ್ ಥೆರಪಿ ಮಾರ್ಗಸೂಚಿಯನ್ನು ಈಗಲೇ ಓದಿ, ದಾಖಲೆಗಳನ್ನು ಆ ಪ್ರಕಾರವೇ ಇಟ್ಟುಕೊಳ್ಳಿ.

---

ಮಲೆನಾಡ ಪಿಪೆಟ್:

ಎಲ್ಲವನ್ನೂ ಬರೆದುಕೊಂಡೆ. ಕ್ರಿಸ್ಪರ್ ಬಿಟ್ಟು ಸೈಟೋಸಿನ್ ಡಿಅಮಿನೇಸ್ ಮತ್ತು ಟಿಕೆ ಎರಡನ್ನೂ ಪಕ್ಕಪಕ್ಕ ಹೋಲಿಸುತ್ತೇವೆ. ಬೈಸ್ಟ್ಯಾಂಡರ್ ಅವರೇ, ಮಿಶ್ರಣ ಪ್ರಯೋಗದ ಪ್ರಮಾಣಗಳನ್ನು ಸ್ವಲ್ಪ ಹೇಳುತ್ತೀರಾ?

---

ಬೈಸ್ಟ್ಯಾಂಡರ್:

ಖಂಡಿತ. ಜೀನ್ ಇರುವ ಕೋಶಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಗುರುತು ಕೊಡಿ. ಒಟ್ಟು ಜೀವಂತಿಕೆ ಅಳೆದರೆ ಯಾರು ಸತ್ತರು ಎಂಬುದು ತಿಳಿಯುವುದಿಲ್ಲ, ಹಸಿರನ್ನೇ ಎಣಿಸಬೇಕು. 96 ಬಾವಿಯ ತಟ್ಟೆಯಲ್ಲಿ ಬಾವಿಗೆ 5,000 ಕೋಶ. ಕೆಂಪಿನ ಪಾಲು ಶೇ. 0, 1, 5, 10, 25, 50, 100. ಗ್ಯಾನ್‌ಸಿಕ್ಲೊವಿರ್ 0, 1, 10 ಮೈಕ್ರೋಮೋಲಾರ್. 100ಕ್ಕೆ ಹೋದರೆ ಟಿಕೆ ಇಲ್ಲದ ಕೋಶಕ್ಕೂ ಪೆಟ್ಟು ಬೀಳುತ್ತದೆ. 5-ಎಫ್‌ಸಿ 0, 10, 100, 1,000 ಮೈಕ್ರೋಮೋಲಾರ್. ಐದರಿಂದ ಏಳು ದಿನ.

ನಡುವೆ ಮೀಡಿಯಾ ಬದಲಿಸಿದರೆ ತಯಾರಾದ 5-ಎಫ್‌ಯು ಚೆಲ್ಲಿಹೋಗಿ ಪರಿಣಾಮ ಕಡಿಮೆ ಕಾಣುತ್ತದೆ. ಬದಲಿಸದಿದ್ದರೆ ಅದು ಮುಚ್ಚಿದ ಬಾವಿಯಲ್ಲಿ ಶೇಖರವಾಗಿ, ಮೆದುಳಿನಲ್ಲಿ ಎಂದೂ ಸಿಗದ ಪ್ರಮಾಣಕ್ಕೆ ಏರುತ್ತದೆ. ಎರಡೂ ರೀತಿ ಮಾಡಿ, ನಿಜ ಅವೆರಡರ ನಡುವೆ ಇರುತ್ತದೆ. 0.4 ಮೈಕ್ರಾನ್ ಟ್ರಾನ್ಸ್‌ವೆಲ್‌ನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ ಇಟ್ಟು ಇನ್ನೊಂದು ಸಾಲು: ಡಿಅಮಿನೇಸ್‌ನ ಪರಿಣಾಮ ಉಳಿಯಬೇಕು, ಟಿಕೆಯದು ಬಿದ್ದುಹೋಗಬೇಕು. ಹಾಗಾಗದಿದ್ದರೆ ಕೆಂಪು ಕೋಶ ಸಾಲಿನಲ್ಲಿ ವೈರಸ್ ಸೋರುತ್ತಿದೆಯಾ ಎಂದು ಮೊದಲು ನೋಡಿ.

ಇಲಿಗೆ ಬಂದಾಗ ನಾಲ್ಕು ಗುಂಪು ಕಡ್ಡಾಯ: ಜೀನ್ ಮತ್ತು ಔಷಧ, ಜೀನ್ ಮತ್ತು ಸಲೈನ್, ಖಾಲಿ ವೆಕ್ಟರ್ ಮತ್ತು ಔಷಧ, ಖಾಲಿ ವೆಕ್ಟರ್ ಮತ್ತು ಸಲೈನ್. 5-ಎಫ್‌ಸಿ ದಿನಕ್ಕೆ ಕಿಲೋಗೆ 500 ಮಿಲಿಗ್ರಾಂ, ಗ್ಯಾನ್‌ಸಿಕ್ಲೊವಿರ್ 50, ಎರಡೂ ಹೊಟ್ಟೆಗೆ ಚುಚ್ಚಿ. ಕೋಶಗಳಿಗೆ ಹೊರಗೇ ಜೀನ್ ಸೇರಿಸಿ ಆಮೇಲೆ ಇಲಿಗೆ ಹಾಕುವ ಪ್ರಯೋಗವನ್ನು ಮಿಶ್ರಣದ ಅಂಕಿ ಪರೀಕ್ಷಿಸಲು ಮಾತ್ರ ಬಳಸಿ. ಬೆಳೆದು ನಿಂತ ಗಡ್ಡೆಗೆ ವೆಕ್ಟರ್ ಕೊಟ್ಟು, ಮೂರನೇ ದಿನ ಕೆಲವು ಮೆದುಳುಗಳನ್ನು ಸೀಳಿ ಶೇಕಡಾ ಎಷ್ಟು ಕೋಶಕ್ಕೆ ಜೀನ್ ಸೇರಿತು ಎಂದು ಎಣಿಸಿ. ತಟ್ಟೆಯಲ್ಲಿ ಬೇಕಾಗಿದ್ದ ಶೇಕಡಾಕ್ಕಿಂತ ಅದು ಕಡಿಮೆ ಬಂದರೆ ಔಷಧ ಶುರು ಮಾಡಬೇಡಿ, ಚುಚ್ಚುವ ಜಾಗ, ವೇಗ, ಡೋಸ್ ಬದಲಿಸಿ ಮತ್ತೆ ಎಣಿಸಿ.